ಗೋಡೆಯಿಂದ ಕಪಾಟಿಗೆ: ಯುದ್ಧಕಾಲದ ಸುದ್ದಿ ನಕ್ಷೆಗಳು

ರಾತ್ರಿಯ ವಾರ್ತೆ ನೋಡುವಾಗ ಒಂದು ಸಂಗತಿಯನ್ನು ನೀವು ಗಮನಿಸಿರಬಹುದು. ಎಲ್ಲೋ ಯುದ್ಧ ನಡೆಯುತ್ತಿದೆ ಎಂದು ವಾರ್ತಾವಾಚಕರು ಹೇಳುತ್ತಿದ್ದಂತೆ ಪರದೆಯ ಮೇಲೆ ಒಂದು ನಕ್ಷೆ ಮೂಡುತ್ತದೆ. ಗಡಿರೇಖೆ, ನಾಲ್ಕಾರು ಊರುಗಳ ಹೆಸರು, ಒಂದು ಕೆಂಪು ಬಾಣ. ಹತ್ತು ಹನ್ನೆರಡು ಸೆಕೆಂಡು ಕಳೆಯುವಷ್ಟರಲ್ಲಿ ಅದು ಮಾಯವಾಗುತ್ತದೆ. ಆ ನಕ್ಷೆ ಆಮೇಲೆ ಏನಾಗುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ?

ಅದೇ ಕೆಲಸ ಮಾಡುವವನಾಗಿದ್ದರೂ ನಾನು ಯೋಚಿಸಿರಲಿಲ್ಲ. ಕೆಲವು ವರ್ಷಗಳ ಹಿಂದೆ ಹಳೆಯ ಘಟನೆಯೊಂದನ್ನು ಕುರಿತ ಕಾರ್ಯಕ್ರಮ ಸಿದ್ಧಪಡಿಸುವಾಗ, ಆ ದಿನ ವೀಕ್ಷಕರು ಕಂಡಿದ್ದ ನಕ್ಷೆಯೇ ನನಗೆ ಬೇಕಾಯಿತು. ಕಂಪ್ಯೂಟರಿನಲ್ಲಿ ಹುಡುಕಿದೆ. ಆ ಹೆಸರಿನ ಕಡತವೇನೋ ಸಿಕ್ಕಿತು. ಅದರೊಳಗೆ ಇದ್ದದ್ದು ಮಾತ್ರ ನಕ್ಷೆಯ ಕೊನೆಯ ರೂಪ. ಮೊದಲ ದಿನದ ನಕ್ಷೆಯ ಮೇಲೆ ಎರಡನೆಯ ದಿನದ್ದನ್ನು, ಅದರ ಮೇಲೆ ಮೂರನೆಯ ದಿನದ್ದನ್ನು ಉಳಿಸುತ್ತಾ, ಹಿಂದಿನದನ್ನೆಲ್ಲ ಅಳಿಸುತ್ತಾ ಹೋದವನು ಬೇರೆ ಯಾರೂ ಅಲ್ಲ, ನಾನೇ. ಹಳೆಯದನ್ನು ಇಟ್ಟುಕೊಂಡು ಮಾಡುವುದೇನು ಎಂಬುದು ಆಗಿನ ನನ್ನ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ನನಗೆ ಕಲಿಸಿದ್ದು ಎರಡನೆಯ ಮಹಾಯುದ್ಧದ ಕಾಲದ ಕೆಲವು ಕಾಗದದ ನಕ್ಷೆಗಳು, ಮತ್ತು ಅವನ್ನು ಎಸೆಯದೆ ಇಟ್ಟುಕೊಂಡ ಗ್ರಂಥಾಲಯಗಳು.

ದಿನಾಂಕವೇ ಜೀವಾಳ

ಶಾಲೆಯ ಗೋಡೆಯ ಮೇಲಿನ ಭೂಪಟಕ್ಕೂ ಸುದ್ದಿ ನಕ್ಷೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಶಾಲೆಯ ಭೂಪಟ ಹಲವು ವರ್ಷ ಬಾಳಲೆಂದು ತಯಾರಾದದ್ದು. ಸುದ್ದಿ ನಕ್ಷೆಯ ಆಯುಸ್ಸು ಒಂದು ದಿನ, ಹೆಚ್ಚೆಂದರೆ ಒಂದು ವಾರ. ಯಾವ ಸೇನೆ ಎಲ್ಲಿದೆ, ಯಾವ ಊರು ಯಾರ ಕೈಯಲ್ಲಿದೆ ಎಂಬುದನ್ನು ಅದು ಆ ದಿನದ ಮಟ್ಟಿಗೆ ಹೇಳುತ್ತದೆ. ಮರುದಿನ ಆ ಮಾತು ಸುಳ್ಳಾಗಬಹುದು.

1991ರಲ್ಲಿ ಕೊಲ್ಲಿ ಯುದ್ಧ ನಡೆದಾಗ ನಾನು ಹನ್ನೊಂದರ ಹುಡುಗ. ನಮ್ಮ ತಂದೆಯವರು ಪತ್ರಿಕೆಯಲ್ಲಿ ಬಂದ ಕುವೈತ್ ಮತ್ತು ಇರಾಕಿನ ನಕ್ಷೆಯನ್ನು ಕತ್ತರಿಸಿ, ಮೈದಾ ಅಂಟಿನಿಂದ ಒಂದು ರಟ್ಟಿಗೆ ಅಂಟಿಸಿದರು. ಗುಂಡುಸೂಜಿಗೆ ಬಣ್ಣದ ಕಾಗದ ಸುತ್ತಿ ನಾವು ಬಾವುಟ ಮಾಡಿಕೊಂಡೆವು. ಸಂಜೆ ವಾರ್ತೆ ಮುಗಿದ ಮೇಲೆ ಬಾವುಟಗಳು ಜಾಗ ಬದಲಿಸುತ್ತಿದ್ದವು. ಯುದ್ಧ ಮುಗಿಯಿತು, ರಟ್ಟು ಅಟ್ಟ ಸೇರಿತು. ಎಷ್ಟೋ ವರ್ಷಗಳ ನಂತರ ಮನೆಗೆ ಸುಣ್ಣ ಬಳಿಯುವಾಗ ಇಳಿಸಿ ನೋಡಿದರೆ ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು. ಅಂಟು ಇದ್ದ ಕಡೆ ಜಿರಲೆ ತಿಂದಿತ್ತು. ಬೆರಳು ತಾಗಿಸಿದರೆ ಪುಡಿ ಉದುರುತ್ತಿತ್ತು. ಒಂದು ಮನೆಯ ನಕ್ಷೆಗೆ ಬಂದ ಈ ಗತಿಯೇ ಜಗತ್ತಿನ ಬಹುಪಾಲು ಸುದ್ದಿ ನಕ್ಷೆಗಳಿಗೂ ಬಂದಿದೆ.

ಮರದ ಅಚ್ಚಿನ ಕಾಲ

ಸುದ್ದಿ ನಕ್ಷೆ ದಿನಪತ್ರಿಕೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ. ಆಗ ನಕ್ಷೆಯನ್ನು ಮರದ ಅಚ್ಚಿನಲ್ಲಿ ಕೈಯಿಂದಲೇ ಕೊರೆಯಬೇಕಿತ್ತು. ಅವಸರವಿದ್ದರೆ ಅಚ್ಚನ್ನು ತುಂಡು ತುಂಡಾಗಿ ಹಲವು ಕೆತ್ತನೆಗಾರರಿಗೆ ಹಂಚಿ, ಕೊನೆಗೆ ಎಲ್ಲವನ್ನೂ ಜೋಡಿಸುತ್ತಿದ್ದರು. ಇಷ್ಟು ಕಷ್ಟದ ನಡುವೆಯೂ ಆ ನಾಲ್ಕು ವರ್ಷಗಳಲ್ಲಿ ಅಲ್ಲಿನ ದಿನಪತ್ರಿಕೆಗಳು ಎರಡು ಸಾವಿರದಷ್ಟು ಯುದ್ಧನಕ್ಷೆಗಳನ್ನು ಅಚ್ಚು ಹಾಕಿದವು.

ಸುದ್ದಿ ನಕ್ಷೆಗೂ ಸೇನೆಯ ಗುಟ್ಟಿಗೂ ಇರುವ ಜಗಳವೂ ಆಗಲೇ ಶುರುವಾಯಿತು. 1861ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವಾಷಿಂಗ್ಟನ್ ನಗರದ ರಕ್ಷಣಾ ನೆಲೆಗಳ ನಕ್ಷೆಯನ್ನು ಪ್ರಕಟಿಸಿತು. ಇದರಿಂದ ಶತ್ರುವಿಗೆ ಸಹಾಯವಾಯಿತೆಂದು ಸಿಟ್ಟಾದ ಜನರಲ್ ಮೆಕ್ಲೆಲನ್ ಯುದ್ಧ ಸಚಿವರಿಗೆ ದೂರು ಬರೆದ. ಓದುಗನಿಗೆ ಎಷ್ಟು ತೋರಿಸಬೇಕು, ಶತ್ರುವಿನಿಂದ ಎಷ್ಟು ಮರೆಮಾಚಬೇಕು? ಅಂದಿನಿಂದ ಇಂದಿನವರೆಗೆ ಪ್ರತಿಯೊಂದು ಸುದ್ದಿ ನಕ್ಷೆಯ ಹಿಂದೆಯೂ ಈ ಪ್ರಶ್ನೆ ಇದೆ.

'ಭೂಪಟ ಎದುರಿಗಿಟ್ಟುಕೊಳ್ಳಿ'

ಈಗ ಎರಡನೆಯ ಮಹಾಯುದ್ಧಕ್ಕೆ ಬರೋಣ. 1942ರ ಫೆಬ್ರವರಿ 23ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಾನುಲಿಯಲ್ಲಿ ಮಾತನಾಡುವವರಿದ್ದರು. ಕೇಳುವವರೆಲ್ಲ ಒಂದು ಪ್ರಪಂಚ ಭೂಪಟವನ್ನು ಎದುರಿಗಿಟ್ಟುಕೊಂಡು ಕೂತಿರಬೇಕೆಂದು ಅವರು ಮೊದಲೇ ಕೇಳಿಕೊಂಡಿದ್ದರು. ಜನ ಭೂಪಟಗಳ ಅಂಗಡಿಗಳಿಗೆ ಮುಗಿಬಿದ್ದರು. ಪತ್ರಿಕೆಗಳು ನಕ್ಷೆಗಳನ್ನು ಅಚ್ಚು ಹಾಕಿದವು. ಅಂದು ರಾತ್ರಿ ಕೋಟ್ಯಂತರ ಜನ ತಮ್ಮ ಕೋಣೆಯಲ್ಲಿ ಕೂತು, ಅವರ ಮಾತನ್ನು ಅನುಸರಿಸುತ್ತಾ ಕಾಗದದ ಮೇಲೆ ಬೆರಳಾಡಿಸಿದರು. ಅದೇ ಸಂಜೆ ಜಪಾನಿನ ಒಂದು ಜಲಾಂತರ್ಗಾಮಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾ ಬಳಿಯ ತೈಲ ನೆಲೆಯ ಮೇಲೆ ಗುಂಡು ಹಾರಿಸಿತು. ದೂರದ ಯುದ್ಧ ಎಷ್ಟು ದೂರವಿದೆ ಎಂಬುದು ಆ ರಾತ್ರಿ ಬರಿಯ ಭೂಗೋಳದ ಪಾಠವಾಗಿ ಉಳಿದಿರಲಿಲ್ಲ.

ಇದಾದ ಎರಡು ತಿಂಗಳಲ್ಲಿ, 1942ರ ಏಪ್ರಿಲ್ 27ರಂದು, ಅಮೆರಿಕದ ಸೇನೆ ತನ್ನ ಸೈನಿಕರಿಗಾಗಿ 'ನ್ಯೂಸ್‌ಮ್ಯಾಪ್' ಎಂಬ ವಾರಪತ್ರಿಕೆಯನ್ನು ಆರಂಭಿಸಿತು. ಪತ್ರಿಕೆ ಎಂದರೂ ಅದು ಒಂದೇ ಹಾಳೆ. ಸುಮಾರು 47 ಅಂಗುಲ ಉದ್ದ, 35 ಅಂಗುಲ ಅಗಲ. ನಮ್ಮ ಮನೆಯ ಒಂದು ಮೇಜನ್ನು ಪೂರ್ತಿ ಮುಚ್ಚುವಷ್ಟು. ನಡುವೆ ಪ್ರಪಂಚದ ನಕ್ಷೆ, ಸುತ್ತ ಆ ವಾರದ ಯುದ್ಧದ ಚಿಕ್ಕ ಚಿಕ್ಕ ವರದಿಗಳು, ಛಾಯಾಚಿತ್ರಗಳು. ಓದು ಬಾರದವನಿಗೂ ಕಣ್ಣೋಟದಲ್ಲೇ ಸುದ್ದಿ ತಿಳಿಯಬೇಕು ಎಂಬಂಥ ಜೋಡಣೆ. ಹಾಳೆಯ ಹಿಂಬದಿಯೂ ಖಾಲಿಯಲ್ಲ. ಅಲ್ಲಿ ಶತ್ರುವಿನ ವಿಮಾನವನ್ನು ಗುರುತಿಸುವ ಪಾಠವೋ ಸೈನಿಕರಿಗೆ ಎಚ್ಚರಿಕೆಯ ಭಿತ್ತಿಚಿತ್ರವೋ ಇನ್ನೊಂದು ದೊಡ್ಡ ನಕ್ಷೆಯೋ ಇರುತ್ತಿತ್ತು. ಸೇನಾ ಶಿಬಿರಗಳ ಗೋಡೆಗೆ ಇದನ್ನು ಮೊಳೆ ಹೊಡೆದು ತೂಗುಹಾಕುತ್ತಿದ್ದರು. ವಾರ ಕಳೆದರೆ ಹೊಸದು ಬರುತ್ತಿತ್ತು. ಹಳೆಯದು ಕಸದ ಬುಟ್ಟಿಗೆ. 1946ರ ಆರಂಭದವರೆಗೂ ಇದು ಹೀಗೇ ನಡೆಯಿತು. ಬ್ರಿಟನ್ನಿನಲ್ಲೂ 1941ರಲ್ಲಿ ಹುಟ್ಟಿದ ಸೇನಾ ಪ್ರಚಲಿತ ವಿದ್ಯಮಾನಗಳ ಕಚೇರಿ 'ಮ್ಯಾಪ್ ರಿವ್ಯೂ' ಎಂಬ ಇಂಥದೇ ಗೋಡೆ ನಕ್ಷೆಯನ್ನು ಹೊರಡಿಸುತ್ತಿತ್ತು.

ಮೊದಲ ಸಂಚಿಕೆಯ ವಾರವನ್ನೇ ತೆಗೆದುಕೊಳ್ಳಿ. ಮಾರ್ಚ್ 8ರಂದು ರಂಗೂನ್ ಜಪಾನೀಯರ ವಶವಾಗಿತ್ತು. ಅಂಡಮಾನ್ ಅವರ ಕೈಸೇರಿ ತಿಂಗಳಾಗಿತ್ತು. ಏಪ್ರಿಲ್ 6ರಂದು ನಮ್ಮ ಪೂರ್ವ ಕರಾವಳಿಯ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಬಿದ್ದಿತ್ತು. ನ್ಯೂಸ್‌ಮ್ಯಾಪ್ ಹೊರಬಂದ ಎರಡೇ ದಿನಕ್ಕೆ, ಏಪ್ರಿಲ್ 29ರಂದು, ಲಾಶಿಯೋ ಪಟ್ಟಣವೂ ಬಿದ್ದು ಚೀನಕ್ಕೆ ಹೋಗುವ ಬರ್ಮಾ ರಸ್ತೆ ತುಂಡಾಯಿತು. ಗೋಡೆಯ ಮೇಲಿನ ನಕ್ಷೆಗೆ ಇನ್ನೂ ಐದು ದಿನದ ಆಯುಸ್ಸಿತ್ತು. ಅದರ ಮೇಲಿನ ಬರ್ಮಾ ಆಗಲೇ ಹಳೆಯದಾಗಿತ್ತು.

ಈ ನಕ್ಷೆಗಳನ್ನು ಓದುವವರು ನಮ್ಮ ಬೆಂಗಳೂರಿಗೂ ಬಂದಿದ್ದರು. 1940ರಲ್ಲಿ ಆರಂಭವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಬರ್ಮಾ ಮತ್ತು ಚೀನದ ಆಕಾಶದಲ್ಲಿ ಹಾರಾಡುತ್ತಿದ್ದ ವಿಮಾನಗಳು ರಿಪೇರಿಗೆ ಬರುತ್ತಿದ್ದದ್ದು ಇಲ್ಲಿಗೆ. ಹುಟ್ಟೂರಿನಿಂದ ಅರ್ಧ ಭೂಮಿಯಾಚೆ ಇದ್ದ ಆ ತರುಣರಿಗೆ ತಾವು ಎಲ್ಲಿದ್ದೇವೆ, ಮನೆ ಎಷ್ಟು ದೂರ ಎಂಬುದನ್ನು ಹೇಳಬಲ್ಲದ್ದು ಭೂಪಟವೊಂದೇ.

ತಪ್ಪೂ ಒಂದು ದಾಖಲೆ

ಹಾಗಾದರೆ ಇಂದು ಈ ನಕ್ಷೆಗಳಿಂದ ಏನು ಪ್ರಯೋಜನ? ಯುದ್ಧ ಹೇಗೆ ನಡೆಯಿತೆಂದು ತಿಳಿಯಲು ಆಮೇಲೆ ಬಂದ ಇತಿಹಾಸದ ಪುಸ್ತಕಗಳಿವೆ, ಅವುಗಳಲ್ಲಿ ಇನ್ನೂ ಸರಿಯಾದ ನಕ್ಷೆಗಳಿವೆ ಎಂದು ನೀವು ಕೇಳಬಹುದು. ನಿಜ. ಆದರೆ ಆ ಸರಿಯಾದ ನಕ್ಷೆಯನ್ನು 1942ರಲ್ಲಿ ಯಾರೂ ನೋಡಿರಲಿಲ್ಲ. ಅಂದು ಜನ ಹೆದರಿದ್ದು, ಸಮಾಧಾನಪಟ್ಟದ್ದು, ಮಗನಿಗೆ ಕಾಗದ ಬರೆದದ್ದು ಅಂದಿನ ಅರೆಬರೆ ನಕ್ಷೆಯನ್ನು ನೋಡಿ.

ಒಂದು ನಿದರ್ಶನ ಕೊಡುತ್ತೇನೆ. 1942ರ ಏಪ್ರಿಲ್ 18ರಂದು ಅಮೆರಿಕದ 16 ಬಾಂಬರ್ ವಿಮಾನಗಳು ಟೋಕಿಯೋ ಮತ್ತು ಇತರ ನಗರಗಳ ಮೇಲೆ ದಾಳಿ ಮಾಡಿದವು. ಅವು ಎಲ್ಲಿಂದ ಹೊರಟವು ಎಂದು ಕೇಳಿದ್ದಕ್ಕೆ ರೂಸ್‌ವೆಲ್ಟ್ ಕಾದಂಬರಿಯೊಂದರ ಕಲ್ಪಿತ ಊರಾದ ಶಾಂಗ್ರಿ-ಲಾ ಹೆಸರು ಹೇಳಿ ನಕ್ಕರು. ವಿಮಾನಗಳು ಹಾರಿದ್ದು 'ಹಾರ್ನೆಟ್' ಎಂಬ ಯುದ್ಧನೌಕೆಯ ಮೇಲಿಂದ ಎಂಬುದನ್ನು ಸರ್ಕಾರ ಸುಮಾರು ಒಂದು ವರ್ಷ ಹೊರಗೆಡವಲಿಲ್ಲ. ಅಂದರೆ ಆ ಒಂದು ವರ್ಷ ಟೋಕಿಯೋ ಕಡೆಗೆ ಬಾಣ ಬರೆಯಬಹುದಿತ್ತು, ಬಾಣದ ಬಾಲ ಎಲ್ಲಿಂದ ಶುರುವಾಗಬೇಕೆಂದು ಅಧಿಕೃತವಾಗಿ ಹೇಳುವಂತಿರಲಿಲ್ಲ. ಮುಂದೆ ಬಂದ ಪುಸ್ತಕದಲ್ಲಿ ಆ ಬಾಣ ಪೂರ್ತಿಯಾಗಿದೆ. ಗುಟ್ಟು ಎಷ್ಟು ಕಾಲ ಗುಟ್ಟಾಗಿತ್ತು ಎಂದು ತಿಳಿಯಬೇಕಾದವರು ಹಳೆಯ ನಕ್ಷೆಯನ್ನೇ ನೋಡಬೇಕು.

ಇನ್ನೊಂದು ಸಂಗತಿ. ಯುದ್ಧ ಎಷ್ಟನೆಯ ವಾರಕ್ಕೆ ಬಂತು ಎಂಬ ಲೆಕ್ಕವನ್ನು ನ್ಯೂಸ್‌ಮ್ಯಾಪ್ ಅಚ್ಚು ಹಾಕುತ್ತಿತ್ತು. ಲೆಕ್ಕ ಎರಡು: ಯುದ್ಧದ ಇಷ್ಟನೆಯ ವಾರ, ಅಮೆರಿಕ ಪಾಲ್ಗೊಂಡ ಇಷ್ಟನೆಯ ವಾರ. 1944ರ ಮೇ ತಿಂಗಳ ಒಂದು ಸಂಚಿಕೆಯಲ್ಲಿ ಮೊದಲನೆಯದು 244, ಎರಡನೆಯದು 126. ನಡುವಿನ 118 ವಾರಗಳು 1939ರ ಸೆಪ್ಟೆಂಬರಿನಿಂದ 1941ರ ಡಿಸೆಂಬರಿನವರೆಗಿನ ಕಾಲ. ಆದರೆ ಚೀನದ ಜನರ ಯುದ್ಧ 1937ರ ಜುಲೈನಲ್ಲೇ ಆರಂಭವಾಗಿತ್ತು. ನಮ್ಮ ದೇಶವನ್ನು ವೈಸರಾಯ್ ಲಿನ್‌ಲಿತ್‌ಗೋ ನಮ್ಮ ನಾಯಕರನ್ನು ಕೇಳದೆಯೇ 1939ರ ಸೆಪ್ಟೆಂಬರ್ 3ರಂದು ಯುದ್ಧಕ್ಕೆ ಸೇರಿಸಿದರು. ವಾರದ ಎಣಿಕೆಯಂಥ ಸರಳ ಅಂಕಿಯಲ್ಲೂ ನಕ್ಷೆ ಬರೆದವರು ಎಲ್ಲಿ ನಿಂತು ನೋಡುತ್ತಿದ್ದರು ಎಂಬುದು ಅಡಗಿದೆ.

ನಕ್ಷೆಯಲ್ಲಿ ಇಲ್ಲದ್ದನ್ನೂ ನೋಡಬೇಕು. 1943ರ ಬಂಗಾಳದ ಕ್ಷಾಮದಲ್ಲಿ ಇಪ್ಪತ್ತರಿಂದ ಮೂವತ್ತು ಲಕ್ಷ ಜನ ಸತ್ತರೆಂಬುದು ಅಂದಾಜು. ಬರ್ಮಾ ರಣರಂಗದ ಬೆನ್ನಿಗೇ ನಡೆದ ಸಾವುಗಳಿವು. ಸೇನೆಗಳ ಚಲನೆಯನ್ನು ತೋರಿಸುವ ನಕ್ಷೆಯಲ್ಲಿ ಹಸಿವಿಗೆ ಬಾಣದ ಗುರುತಿಲ್ಲ.

ಕಾಗದದೊಳಗಿನ ಶತ್ರು

ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಆದ್ದರಿಂದ ನಮ್ಮ ಅಟ್ಟದ ನಕ್ಷೆ ಏಕೆ ಪುಡಿಯಾಯಿತು ಎಂಬ ಪ್ರಶ್ನೆಯನ್ನು ಬಿಡಲಾರೆ. ಕಾಗದದ ಬಲ ಇರುವುದು ಸೆಲ್ಯುಲೋಸ್ ಎಂಬ ಉದ್ದನೆಯ ಅಣುಸರಪಳಿಯಲ್ಲಿ. ಪತ್ರಿಕೆಯ ಅಗ್ಗದ ಕಾಗದವನ್ನು ಮರವನ್ನು ಅರೆದೇ ಮಾಡುವುದರಿಂದ ಅದರಲ್ಲಿ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ. ಬೆಳಕು, ಗಾಳಿ ಸೋಕಿದರೆ ಅದು ಹಳದಿಯಾಗುತ್ತದೆ. ಜೊತೆಗೆ, ಶಾಯಿ ಹರಡದಿರಲೆಂದು ಹತ್ತೊಂಬತ್ತನೆಯ ಶತಮಾನದಿಂದ ಕಾಗದಕ್ಕೆ ರಾಳ ಮತ್ತು ಪಟಿಕವನ್ನು ಬೆರೆಸುತ್ತಿದ್ದರು. ಪಟಿಕದಿಂದ ಹುಟ್ಟುವ ಆಮ್ಲ ತೇವದ ಜೊತೆ ಸೇರಿ ಆ ಸರಪಳಿಯನ್ನು ಒಂದೊಂದೇ ಕೊಂಡಿಯಾಗಿ ಕತ್ತರಿಸುತ್ತದೆ. ಹೊರಗಿನ ಶತ್ರು ಬಾರದಿದ್ದರೂ ಇಂಥ ಕಾಗದ ತನ್ನನ್ನು ತಾನೇ ತಿನ್ನುತ್ತದೆ.

ಹೊರಗಿನ ಶತ್ರುವೂ ಕೆಲವೊಮ್ಮೆ ಬರುತ್ತಾನೆ. ಲಂಡನ್ನಿನ ಕಾಲಿಂಡೇಲ್‌ನಲ್ಲಿ ಬ್ರಿಟನ್ನಿನ ಪತ್ರಿಕಾ ಭಂಡಾರವಿತ್ತು. 1940ರ ಅಕ್ಟೋಬರ್ 20ರಂದು ಅದರ ಮೇಲೆ ಜರ್ಮನ್ ಬಾಂಬು ಬಿದ್ದು ಸುಮಾರು 6,000 ಪತ್ರಿಕಾ ಸಂಪುಟಗಳು ನಾಶವಾದವು; ಇನ್ನೂ 15,000 ಸಂಪುಟಗಳಿಗೆ ಹಾನಿಯಾಯಿತು. ಹಳೆಯ ಯುದ್ಧಗಳ ಸುದ್ದಿಯನ್ನು ಹೊಸ ಯುದ್ಧ ಸುಟ್ಟಿತು. ಆ ಭಂಡಾರ 2013ರಲ್ಲಿ ಮುಚ್ಚಿತು. ಉಳಿದ ಪತ್ರಿಕೆಗಳು ಈಗ ಉತ್ತರ ಇಂಗ್ಲೆಂಡಿನ ಬೋಸ್ಟನ್ ಸ್ಪಾದಲ್ಲಿವೆ. ಅಲ್ಲಿ ಉಷ್ಣತೆ ಸುಮಾರು 14 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕವನ್ನು ಒಳಗೆ ಶೇಕಡಾ 15ರ ಆಸುಪಾಸಿಗೆ ಇಳಿಸಿದ್ದಾರೆ. ಆ ಗಾಳಿಯಲ್ಲಿ ಬೆಂಕಿ ಹೊತ್ತಿಕೊಳ್ಳುವುದಿಲ್ಲ.

ಎರಡು ಮುಖದ ತೊಡಕು

ನ್ಯೂಸ್‌ಮ್ಯಾಪ್ ಗ್ರಂಥಾಲಯಕ್ಕೆ ಬಂದಾಗ ಮೊದಲ ತಕರಾರು ಅದನ್ನು ಎಲ್ಲಿಡಬೇಕು ಎಂಬುದು. ಭೂಪಟ ವಿಭಾಗದಲ್ಲೋ? ವಾರವಾರ ಬರುವುದರಿಂದ ನಿಯತಕಾಲಿಕಗಳ ಜೊತೆಗೋ? ಸರ್ಕಾರದ ಮುದ್ರಣಾಲಯದಿಂದ ಬಂದದ್ದರಿಂದ ಸರ್ಕಾರಿ ದಾಖಲೆಗಳಲ್ಲೋ? ಹಿಂಬದಿ ನೋಡಿದರೆ ಭಿತ್ತಿಚಿತ್ರ! ಯಾವ ಪಟ್ಟಿಗೂ ಸರಿಯಾಗಿ ಸೇರದ ವಸ್ತು ಯಾರ ಹೊಣೆಯೂ ಆಗದೆ ಮೂಲೆ ಸೇರುವುದು ಕಚೇರಿಗಳಲ್ಲಿ ನಾವೆಲ್ಲ ಕಂಡದ್ದೇ.

ಎರಡನೆಯ ತೊಡಕು ಅಳತೆಯದು. ದೊಡ್ಡ ಹಾಳೆಯನ್ನು ಮಡಿಸಿಟ್ಟರೆ ಮಡಿಕೆಯ ಗೆರೆಯಲ್ಲೇ ಅದು ಹರಿಯುತ್ತದೆ. ಸುರುಳಿ ಸುತ್ತಿದರೆ ಕೆಲವು ವರ್ಷಕ್ಕೆ ಬಿಚ್ಚಲು ಬಾರದು. ಆದ್ದರಿಂದ ಅಗಲವಾದ, ಆಳವಿಲ್ಲದ ಸೆಳೆಖಾನೆಗಳಲ್ಲಿ ಮಟ್ಟಸವಾಗಿ ಮಲಗಿಸಬೇಕು. ಅದಕ್ಕೆ ಜಾಗ ಬೇಕು, ಹಣ ಬೇಕು.

ಮೂರನೆಯದು ಎಲ್ಲಕ್ಕಿಂತ ಕಠಿಣ. ಹರಿದ ಭೂಪಟದ ಬೆನ್ನಿಗೆ ತೆಳು ಬಟ್ಟೆ ಅಂಟಿಸಿ ಬಲಪಡಿಸುವುದು ಗ್ರಂಥಾಲಯಗಳ ಹಳೆಯ ಪದ್ಧತಿ. ಇಲ್ಲಿ ಬೆನ್ನೇ ಇಲ್ಲ. ಎರಡೂ ಕಡೆ ಮುಖ. ಬಟ್ಟೆ ಅಂಟಿಸಿದರೆ ಅರ್ಧ ದಾಖಲೆ ಮುಚ್ಚಿಹೋಗುತ್ತದೆ. ಕಳೆದ ಶತಮಾನದ ನಡುಭಾಗದಲ್ಲಿ ಸೆಲ್ಯುಲೋಸ್ ಅಸಿಟೇಟ್ ಎಂಬ ಪಾರದರ್ಶಕ ಹಾಳೆಯನ್ನು ಎರಡೂ ಕಡೆ ಬೆಸೆಯುವ ವಿಧಾನ ಬಳಕೆಗೆ ಬಂತು. ಅಮೆರಿಕದಲ್ಲಿ ಶಾಖ ಮತ್ತು ಒತ್ತಡದಿಂದ ಯಂತ್ರ ಮಾಡುತ್ತಿದ್ದ ಈ ಕೆಲಸವನ್ನು ನಮ್ಮ ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದವರು ಅಸಿಟೋನ್ ದ್ರಾವಣ ಹಚ್ಚಿ ಕೈಯಿಂದಲೇ ಮಾಡುವ ಉಪಾಯ ಕಂಡುಹಿಡಿದರು. ಆದರೆ ಒಮ್ಮೆ ಬೆಸೆದದ್ದನ್ನು ಬಿಡಿಸುವುದು ಕಷ್ಟ. ಅಸಿಟೇಟ್ ತಾನೂ ಮುಪ್ಪಾಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಬೇರೆ ದಾರಿ ಹಿಡಿಯಿತು. ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ನಕ್ಷೆಯನ್ನು ಸುಮ್ಮನೆ ಇರಿಸಿ, ಹಾಳೆಗಳ ಅಂಚನ್ನು ಮಾತ್ರ ಬೆಸೆಯುವುದು. ನಕ್ಷೆಗೆ ಏನೂ ಅಂಟುವುದಿಲ್ಲ, ಎರಡೂ ಬದಿ ಕಾಣುತ್ತದೆ, ಬೇಕಾದಾಗ ಅಂಚು ಕತ್ತರಿಸಿ ಹೊರತೆಗೆಯಬಹುದು. ಮುಂದಿನವರು ಬಿಡಿಸಲಾಗದಂಥ ಯಾವುದನ್ನೂ ಮಾಡಬಾರದು ಎಂಬುದು ಇದರ ಹಿಂದಿನ ತತ್ತ್ವ.

ಮೈಕ್ರೋಫಿಲ್ಮ್ ಬಂದಾಗ ಕಷ್ಟ ಪರಿಹಾರವಾಯಿತೆಂದು ಹಲವರು ನಂಬಿದರು. ಚಿತ್ರ ತೆಗೆದು ಮೂಲ ಪತ್ರಿಕೆಗಳನ್ನು ವಿಲೇವಾರಿ ಮಾಡಿದ ಗ್ರಂಥಾಲಯಗಳೂ ಉಂಟು. ಆದರೆ ಆ ಫಿಲ್ಮ್ ಬಹುಮಟ್ಟಿಗೆ ಕಪ್ಪು ಬಿಳುಪು. ಒಂದು ಸೇನೆಯ ಕೆಂಪು, ಇನ್ನೊಂದು ಸೇನೆಯ ನೀಲಿ, ಎರಡೂ ಬೂದಿಯ ಬಣ್ಣ! ಬಣ್ಣದ ನಕ್ಷೆಗಳ ಮಟ್ಟಿಗೆ ಅರ್ಥವೇ ಅಳಿಸಿಹೋಯಿತು. ಮೂಲ ಹಾಳೆಯನ್ನು ಉಳಿಸಿಕೊಂಡವರು ಮಾತ್ರ ಮುಂದೆ ಬಣ್ಣದ ಡಿಜಿಟಲ್ ಪ್ರತಿ ಮಾಡಲು ಸಾಧ್ಯವಾಯಿತು. ಟೆಕ್ಸಸ್ ರಾಜ್ಯದ ಡೆಂಟನ್‌ನಲ್ಲಿರುವ ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯ ತನ್ನ ಸಂಗ್ರಹದ ನ್ಯೂಸ್‌ಮ್ಯಾಪ್‌ಗಳನ್ನು ಹೀಗೆ ಸಿದ್ಧಪಡಿಸಿ ಎಲ್ಲರಿಗೂ ತೆರೆದಿಟ್ಟಿದೆ. ನಾನು ಇಲ್ಲೇ ಕೂತು ಅವನ್ನು ದೊಡ್ಡದು ಮಾಡಿ ನೋಡಿದ್ದೇನೆ. ಅಂದು ಕಸದ ಬುಟ್ಟಿಗೆ ಹೋಗಬೇಕಿದ್ದ ಹಾಳೆಯನ್ನು ಯಾರೋ ಒಬ್ಬ ಗ್ರಂಥಪಾಲಕರು ಎತ್ತಿಟ್ಟದ್ದರಿಂದ ಇದು ಸಾಧ್ಯವಾಯಿತು.

ನಮ್ಮ ಕೈಯಲ್ಲಿರುವುದು

ನಮ್ಮಲ್ಲಿಯೂ ಕಾನೂನಿದೆ. 1954ರ ಪುಸ್ತಕ ಒಪ್ಪಿಸುವಿಕೆ ಅಧಿನಿಯಮ 1956ರ ತಿದ್ದುಪಡಿಯಿಂದ ಪತ್ರಿಕೆಗಳನ್ನೂ ಒಳಗೊಂಡಿತು. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನಿಮಾರಾ ಮೊದಲಾದ ಭಂಡಾರಗಳು ಆ ಕಾನೂನಿನ ಆಸರೆಯಲ್ಲಿ ಬೆಳೆದಿವೆ. ಆದರೆ ಪರದೆಯ ಮೇಲೆ ಹತ್ತು ಸೆಕೆಂಡು ಬಾಳುವ ನಕ್ಷೆಗೆ ಆ ಕಾನೂನಿನಲ್ಲಿ ಜಾಗವಿಲ್ಲ. ಅದು ಉಳಿದರೆ ನನ್ನಂಥವರ ಎಚ್ಚರದಿಂದ ಉಳಿಯಬೇಕು, ಅಳಿದರೆ ನನ್ನಂಥವರ ಅಲಕ್ಷ್ಯದಿಂದ ಅಳಿಯುತ್ತದೆ. ಆ ಘಟನೆಯ ನಂತರ ನಾನು ಪ್ರತಿ ನಕ್ಷೆಯ ಕಡತಕ್ಕೂ ದಿನಾಂಕ ಮತ್ತು ವಾರ್ತೆಯ ಹೊತ್ತನ್ನು ಹೆಸರಾಗಿ ಕೊಡುತ್ತಿದ್ದೇನೆ. ತಿದ್ದಿದ ನಕ್ಷೆಯನ್ನು ಬೇರೆ ಹೆಸರಿನಲ್ಲಿ ಇಡುತ್ತೇನೆ. ತಪ್ಪಾಗಿದ್ದ ನಕ್ಷೆಯೂ ಹಾಗೇ ಇರುತ್ತದೆ. ಅದನ್ನು ನೋಡಿದಾಗ ಮುಜುಗರವಾಗುತ್ತದೆ ನಿಜ. ಆದರೆ ಆ ಸಂಜೆ ನಿಮಗೆ ನಾನು ತೋರಿಸಿದ್ದು ಅದನ್ನೇ.

ನಿಮ್ಮ ಮನೆಯಲ್ಲೂ ಹಿರಿಯರು 1965ರ, 1971ರ ಅಥವಾ 1999ರ ಕಾರ್ಗಿಲ್ ಯುದ್ಧದ ಕಾಲದಲ್ಲಿ ಕತ್ತರಿಸಿಟ್ಟ ಪತ್ರಿಕೆಯ ನಕ್ಷೆಗಳು ಟ್ರಂಕಿನ ತಳದಲ್ಲಿ ಇರಬಹುದು. ಸಿಕ್ಕಿದರೆ ಮಡಿಕೆ ಬಿಡಿಸಿ ಮಟ್ಟಸವಾಗಿಡಿ. ಸೆಲೋಟೇಪ್ ಹಚ್ಚಬೇಡಿ, ಅದರ ಅಂಟು ಕಾಗದಕ್ಕೆ ಇಳಿದು ಕಲೆಯಾಗುತ್ತದೆ. ಬಿಸಿಲು ಬೀಳದ, ತೇವವಿಲ್ಲದ ಜಾಗದಲ್ಲಿರಿಸಿ. ಪತ್ರಿಕೆಯ ಹೆಸರು ಮತ್ತು ದಿನಾಂಕವನ್ನು ಬೇರೊಂದು ಚೀಟಿಯಲ್ಲಿ ಸೀಸದ ಕಡ್ಡಿಯಿಂದ ಬರೆದು ಜೊತೆಗಿಡಿ. ದಿನಾಂಕ ತಪ್ಪಿದ ಸುದ್ದಿ ನಕ್ಷೆ ಬರಿಯ ಚಿತ್ರವಾಗುತ್ತದೆ.

ನಮ್ಮ ತಂದೆಯವರ ಆ ರಟ್ಟನ್ನು ನಾನು ಎಸೆದಿಲ್ಲ. ಕುವೈತ್ ನಗರದ ಜಾಗದಲ್ಲಿ ಈಗ ಕಾಗದವಿಲ್ಲ, ಜಿರಲೆ ಉಳಿಸಿದ ರಟ್ಟು ಮಾತ್ರ. ಆದರೆ ಸುತ್ತ ಸೂಜಿ ಚುಚ್ಚಿದ ಸಣ್ಣ ರಂಧ್ರಗಳು ಹಾಗೇ ಇವೆ. ಯಾವ ಸಂಜೆ ಯಾವ ಬಾವುಟ ಎಲ್ಲಿತ್ತು ಎಂಬುದನ್ನು ಅವುಗಳಿಂದ ಇನ್ನೂ ಒಂದಿಷ್ಟು ಓದಬಹುದು.